ಚುಕ್ಕೆಗಳಿಲ್ಲದ ನೀರು

ನಮ್ಮ ಮನೆಯ ಹಿತ್ತಿಲಲ್ಲಿ ಬಟ್ಟೆ ಒಣಗಿಸುವ ತಂತಿಯ ತುದಿಗೆ, ಉಳಿದ ಬಟ್ಟೆಗಳಿಂದ ಮಾರು ದೂರದಲ್ಲಿ, ಒಂದು ದಪ್ಪನೆಯ ಬಿಳಿ ಅರಿವೆ ಸದಾ ತೂಗುತ್ತಿರುತ್ತಿತ್ತು. ಅದರಲ್ಲಿ ಕೈ ಒರೆಸಿಕೊಂಡವನ ಗತಿ ಮುಗಿಯಿತೆಂದೇ ಲೆಕ್ಕ. ನಾನು ಒಮ್ಮೆ ಒರೆಸಿಕೊಂಡು ಅವ್ವನ ಬಾಯಿಗೆ ಸಿಕ್ಕವನಾದ್ದರಿಂದ ಈ ಮಾತನ್ನು ಅಧಿಕಾರದಿಂದ ಹೇಳಬಲ್ಲೆ. ನಾವು ಬೇಡಕಿಹಾಳದ ಜೈನ ಒಕ್ಕಲು ಮನೆತನದವರು. ಆ ಅರಿವೆಯನ್ನು ಎರಡು ಪದರಾಗಿ ಮಡಚಿ ಕೊಡದ ಬಾಯಿಗೆ ಕಟ್ಟಿ, ಹಿತ್ತಿಲ ಬಾವಿಯ ನೀರನ್ನು ಗಾಳಿಸಿದ ಮೇಲೆಯೇ ನಮ್ಮಲ್ಲಿ ಯಾರಾದರೂ ಒಂದು ಗುಟುಕು ಕುಡಿಯಬೇಕು. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಗಳು ನಮ್ಮ ಹೊಟ್ಟೆ ಸೇರಿ ಸಾಯಬಾರದೆಂಬುದೇ ಇದರ ಕಾರಣ.

ಗಾಳಿಸಿದರೆ ಮುಗಿಯಿತೆಂದುಕೊಳ್ಳಬೇಡಿ, ಅಸಲು ಕೆಲಸ ಅಲ್ಲಿಂದ ಮುಂದೆಯೇ. ಅರಿವೆಯಲ್ಲಿ ಉಳಿದ ಜೀವಗಳನ್ನು ಗಾಳಿಸಿದ ನೀರಿನಿಂದಲೇ ಒಂದು ಚರಿಗೆಗೆ ತೊಳೆದು, ಆ ಚರಿಗೆಯನ್ನು ಹಗ್ಗದಿಂದ ಬಾವಿಗಿಳಿಸಿ, ಅದರ ತಳ ನೀರನ್ನು ಮುಟ್ಟಿದ ಮೇಲೆಯೇ ಮೆಲ್ಲನೆ ಓರೆ ಮಾಡಿ ಬಿಡಬೇಕು. ಮೇಲಿನಿಂದ ಸುರಿದರೆ ಅವುಗಳಿಗೆ ಪೆಟ್ಟಾಗುತ್ತದಂತೆ. ಹಾಗೆ ಬಿಡುವಾಗ ಅವ್ವ ಕಟ್ಟೆಯ ಮೇಲೆ ಬಾಗಿ "ತಪ್ಪಾತ್ರಿ, ಕ್ಷಮಾ ಮಾಡ್ರಿ" ಎನ್ನುತ್ತಿದ್ದಳು. ಹೆತ್ತ ಮಕ್ಕಳಾದ ನಮಗೆ ಹಗಲೆಲ್ಲ 'ಲೇ', ಕಾಣದ ಹುಳಗಳಿಗೆ ಮಾತ್ರ 'ರಿ'! ಅಣ್ಣ ಮತ್ತು ನಾನು ಬಾಗಿಲ ಮರೆಯಲ್ಲಿ ನಿಂತು ಬಿದ್ದು ಬಿದ್ದು ನಗುತ್ತಿದ್ದೆವು. ಬೇರೆ ಯಾರನ್ನೂ ಆ ಬಾವಿಯ ಹಗ್ಗ ಮುಟ್ಟಲು ಅವಳು ಬಿಡುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ನಿಪ್ಪಾಣಿಯಲ್ಲಿ ಒಂದು ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದೆ. ತಂಬಾಕು ವ್ಯಾಪಾರಿಗಳ ಮನೆಯ ಮದುವೆ, ಕೂಸುಗಳ ಹೆಸರಿಡುವ ಶಾಸ್ತ್ರ, ಪಾಸ್‌ಪೋರ್ಟ್ ಸೈಜಿನ ಗಂಟುಮೋರೆಗಳು, ಇಷ್ಟೇ ನನ್ನ ಪ್ರಪಂಚ. ಕಾಲೇಜಿನ ಗೆಳೆಯನೊಬ್ಬ ಗೋವೆಯ ಕಡಲ ದಂಡೆಯಲ್ಲಿ ಪ್ರವಾಸಿಗರಿಗೆ ನೀರೊಳಗೆ ಮುಳುಗುವುದನ್ನು ಕಲಿಸುವ ಉದ್ಯೋಗ ಹಿಡಿದಿದ್ದ. ಅವನ ಒತ್ತಾಯಕ್ಕೆ ಕಟ್ಟುಬಿದ್ದು ಅಂಬೋಲಿ ಘಟ್ಟ ಇಳಿದು ಹೋದೆ. ದಂಡೆಯ ಮೇಲೆ ಜಾತ್ರೆಯೋ ಜಾತ್ರೆ: ಎಳನೀರು, ಭೇಳಪುರಿ, ಚೀರಾಡುವ ಮಕ್ಕಳು, ಹೆಂಡತಿಯ ಫೋಟೊ ತೆಗೆಯುತ್ತ ಹಿಂದೆ ಹಿಂದೆ ಸರಿದು ಅಲೆಗೆ ಸಿಕ್ಕ ಗಂಡಂದಿರು. ಈ ಗದ್ದಲದ ನಡುವೆ ನಾನು ಬೆನ್ನಿಗೆ ಗಾಳಿಯ ಸಿಲಿಂಡರ್, ಸೊಂಟಕ್ಕೆ ಸೀಸದ ಪಟ್ಟಿ, ಕಾಲಿಗೆ ರಬ್ಬರಿನ ರೆಕ್ಕೆ, ಮೂತಿಗೆ ಗಾಜಿನ ಮುಖವಾಡ ತೊಟ್ಟು, ಎತ್ತಿಗೆ ಕಾರಹುಣ್ಣಿಮೆಯ ಸಿಂಗಾರ ಮಾಡಿದಂತಾಗಿ, ಬಂಡೆಗಳ ನಡುವೆ ಹಿಮ್ಮುಖವಾಗಿ ಕಡಲಿಗಿಳಿದೆ. ಉಸಿರನ್ನು ಎಂದಿಗೂ ಬಿಗಿಹಿಡಿಯಬೇಡ, ಬಿಗಿಹಿಡಿದರೆ ಪುಪ್ಪುಸ ಒಡೆದೀತು ಎಂಬುದು ಗೆಳೆಯನ ಮೊದಲ ಪಾಠ. ನೆಲದ ಮೇಲೆ ಕೇಳುವಾಗ ಇದು ಸುಲಭವಾಗಿ ಕಾಣುತ್ತದೆ. ತಲೆ ಮುಳುಗಿದ ಕೂಡಲೇ ಉಸಿರು ತಾನಾಗಿಯೇ ಗಂಟಲಲ್ಲಿ ಕಚ್ಚಿಕೊಳ್ಳುತ್ತದೆ.

ಒಳಗೆ ಕಣ್ಣು ಬಿಟ್ಟವನು ದಂಗಾಗಿಹೋದೆ. ದಂಡೆಯಿಂದ ನೋಡಿದಾಗ ಬರಿಯ ನೀಲಿಯಾಗಿ, ಖಾಲಿಯಾಗಿ ಬಿದ್ದುಕೊಂಡಿದ್ದ ಆ ನೀರಿನಲ್ಲಿ ಕಾಲಿಡಲು ಜಾಗವಿರಲಿಲ್ಲ! ಪಟ್ಟೆಪಟ್ಟೆಯ ಮೀನುಗಳು ಮದುವೆ ಮನೆಯ ಬೀಗರ ಹಾಗೆ ಹಿಂಡುಹಿಂಡಾಗಿ ಬಂದು ನನ್ನ ಮುಖವನ್ನೇ ದಿಟ್ಟಿಸಿ ಹೋದವು. ಬಂಡೆಯೆಂದು ಕೈಯೂರಲು ಹೋದದ್ದು ಸರಕ್ಕನೆ ಸರಿಯಿತು, ಹೂವೆಂದು ನೋಡಿದ್ದು ಬೆರಳು ಮುಚ್ಚಿಕೊಂಡಿತು, ಮರಳಿನ ಒಂದೊಂದು ತೂತಿನಿಂದ ಯಾರೋ ಇಣುಕಿದರು. ಮೇಲೆ ಆಳೆತ್ತರದಲ್ಲಿ ಭೇಳಪುರಿಯ ಗದ್ದಲ ನಡೆದೇ ಇತ್ತು, ಕೆಳಗೆ ಈ ಪಾಟಿ ಸಂಸಾರ. ಇಷ್ಟು ಕಾಲ ನೀರು ಎಂದರೆ ನನಗೆ ಒಂದು ವಸ್ತುವಾಗಿತ್ತು, ಕುಡಿಯುವಂಥದು, ತೊಳೆಯುವಂಥದು, ಚೆಲ್ಲುವಂಥದು. ಅದು ಒಂದು ಊರೆಂದು ಹೊಳೆದ ಆ ಕ್ಷಣ ಮೈ ಜುಮ್ಮೆಂದು ನಾನು ನಿಜಕ್ಕೂ ಹೆದರಿದೆ.

ಆಮೇಲೆ ಹುಚ್ಚು ಹತ್ತಿತು. ಬಿಡುವಾದಾಗಲೆಲ್ಲ ಘಟ್ಟ ಇಳಿದೆ, ನೀರು ಹೋಗದ ಪೆಟ್ಟಿಗೆಯೊಳಗೆ ಕೂರಿಸಿದ ಕ್ಯಾಮೆರಾವೊಂದನ್ನು ಗೆಳೆಯನಿಂದ ಪಡೆದು ರೋಲಿನ ಮೇಲೆ ರೋಲು ಮುಗಿಸಿದೆ. ಆದರೆ ಪ್ರಿಂಟು ಹಾಕಿಸಿ ನೋಡಿದರೆ ಮೀನುಗಳ ಸುತ್ತಲೆಲ್ಲ ಹಿಟ್ಟು ಎರಚಿದ ಹಾಗೆ ಬಿಳಿ ಬಿಳಿ ಚುಕ್ಕೆಗಳು. ನೀರಿನಲ್ಲಿ ತೇಲುವ ಕಣಗಳಿಗೆ ಫ್ಲ್ಯಾಶಿನ ಬೆಳಕು ಬಡಿದು ಹಾಗಾಗುತ್ತದೆ, ಕಸ ಬಿದ್ದ ಫೋಟೊ ಇದು, ಎಂದು ಗೆಳೆಯ ಮೂಗು ಮುರಿದ. ಆ ಕಸದ ಫೋಟೊಗಳನ್ನೇ ಊರಿಗೆ ಒಯ್ದು ಅವ್ವನ ಮುಂದೆ ಹರವಿದೆ. ಅವಳು ಮೀನುಗಳನ್ನು ಒಂದು ಗಳಿಗೆ ನೋಡಿ, ಬೆರಳನ್ನು ಬದಿಗೆ ಸರಿಸಿ, "ಮೀನ ಇರ್ಲಿ. ಇವ್ರ ಯಾರು?" ಎಂದಳು.

"ಅದು ಕಸಾ, ಅವ್ವಾ. ಫ್ಲ್ಯಾಶ್ ಬಡದ ಹಂಗ ಕಾಣತೈತಿ."

"ಕಸಾ ಅನಬ್ಯಾಡೋ! ಇವ್ರ ನೋಡು, ನಾ ದಿನಾ ಬಾವಿಗಿ ಬಿಟ್ಟ ಬರೂ ಮಂದಿ."

ಸ್ಟುಡಿಯೊಕ್ಕೆ ಮರಳಿ ಬಂದವನು ಭೂತಗನ್ನಡಿ ಹಿಡಿದು ನೋಡಿದೆ. ಬಹಳಷ್ಟು ಬರಿಯ ಚುಕ್ಕೆಗಳೇ ಇದ್ದವು, ಒಂದೆರಡಕ್ಕೆ ಮಾತ್ರ ಮೀಸೆಯಂಥದು, ಬಾಲದಂಥದು ಕಂಡಿತು. ಓದು ಬರಹ ಬಾರದ ಹೆಂಗಸು ಕತ್ತಲಲ್ಲಿ ನಂಬಿಕೊಂಡು ಬಂದದ್ದು, ಬೆಳಕು ಬಿದ್ದಾಗ ಇದ್ದಲ್ಲೇ ಇದೆಯೆಂದರೆ ನಗುವವನ ಗತಿಯೇನು? ಅಂದಿನಿಂದ ಬಾಗಿಲ ಮರೆಯ ನಗು ನನ್ನ ಪಾಲಿಗೆ ನಿಂತುಹೋಯಿತು.

ಅದೇ ವರ್ಷ ನಮ್ಮ ಓಣಿಗೆ ನಳ ಬಂತು. ನಳ ಬಂದದ್ದೇ ತಡ, ಅಣ್ಣ ಹಿತ್ತಿಲ ಬಾವಿಯನ್ನು ಮುಚ್ಚಿ ಅಲ್ಲೊಂದು ಕೋಣೆ ಕಟ್ಟಿಸುವ ಹಟ ಹಿಡಿದ. ಅವನ ಮಾತೂ ಸುಳ್ಳಲ್ಲ: ಕಟ್ಟೆ ಸಡಿಲಾಗಿತ್ತು, ಅವನ ಪುಟ್ಟ ಮಗಳು ಅದರ ಮೇಲೆ ಹತ್ತಿ ಇಣುಕುತ್ತಿದ್ದಳು. ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ನಳದ ನೀರ ಗಾಳಿಸಿದ್ರ ಅದರಾಗಿನ ಜೀವಾ ಒಯ್ದ ಎಲ್ಲಿ ಬಿಡ್ಲಿ? ಅವರ ಊರ ಯಾವುದು, ಮನಿ ಯಾವುದು, ನಿನಗರ ಗೊತ್ತೈತೇನು?" ಅಣ್ಣನಿಗೆ ಗೊತ್ತಿರಲಿಲ್ಲ, ಊರಾಚೆ ಎಲ್ಲಿಂದಲೋ ಪೈಪಿನಲ್ಲಿ ಬರುವ ನೀರಿನ ತವರು ಯಾರಿಗೆ ಗೊತ್ತು? ಅವನು ಸಿಟ್ಟಿಗೆದ್ದು ಎರಡು ಟ್ರ್ಯಾಕ್ಟರ್ ಮುರುಮು ಮಣ್ಣು ತರಿಸಿ ಹಿತ್ತಿಲಿಗೆ ಸುರಿಸಿದ. ಅವ್ವ ಆ ಕೆಂಪು ಗುಡ್ಡೆಯನ್ನು ನೋಡಿ ದನಿಯೇರಿಸದೆ, "ಬಾವಿ ಮುಚ್ಚಿದ ದಿನಾ ನಾ ನೀರ ಬಿಡ್ತೀನಿ" ಎಂದು ಒಳಗೆ ಹೋದಳು.

ಬೇರೆ ಮನೆಯಲ್ಲಿ ಇದು ಸಿಟ್ಟಿನ ಮಾತೆಂದು ಮರೆತುಬಿಡಬಹುದಿತ್ತು. ನಮ್ಮಲ್ಲಿ ಹಾಗಲ್ಲ, ಓದುಗ ಮಹಾಶಯರೇ. ಹಣ್ಣಾದ ಹಿರಿಯರು ಮೊದಲು ಅನ್ನ ಬಿಟ್ಟು, ಆಮೇಲೆ ನೀರು ಬಿಟ್ಟು, ಶಾಂತವಾಗಿ ಕಣ್ಣು ಮುಚ್ಚಿದ್ದನ್ನು ನಾವು ಹತ್ತಿರ ಕೂತು ಕಂಡವರು. ಅವ್ವ ಆಡಿದ ಮಾತನ್ನು ಹಿಂದೆ ತೆಗೆದುಕೊಂಡದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ನಾನು ದಾರಿ ಹುಡುಕಿದೆ, ದಾರಿಯೂ ಹೊಳೆಯಿತು: ಬಾವಿಗಿಳಿದು ಅಲ್ಲಿರುವ ಚುಕ್ಕೆಗಳ ಫೋಟೊ ತೆಗೆದು ಅಣ್ಣನ ಮುಂದಿಟ್ಟು, 'ಇಷ್ಟು ಮಂದಿಯ ಮೇಲೆ ಮುರುಮು ಸುರಿಯುತ್ತೀಯಾ?' ಎಂದು ಕೇಳುವುದು. ಅವನೂ ಅದೇ ಅರಿವೆಯ ನೀರು ಕುಡಿದು ಬೆಳೆದವನು, ಅವನ ಕೈ ಏಳಲಾರದೆಂಬ ಧೈರ್ಯ ನನಗಿತ್ತು.

ಅವ್ವ ಬಸದಿಗೆ, ಅಣ್ಣ ಹೊಲಕ್ಕೆ ಹೋದ ಒಂದು ಮಧ್ಯಾಹ್ನ, ಬಿಸಿಲು ನೆಟ್ಟಗೆ ಬಾವಿಯೊಳಗೆ ಬೀಳುವ ಹೊತ್ತು ನೋಡಿ, ಅತ್ತಿಗೆಯನ್ನು ಕಟ್ಟೆಯ ಬಳಿ ಕಾವಲಿಗೆ ನಿಲ್ಲಿಸಿ ಇಳಿದೆ. ಸಿಲಿಂಡರ್ ಗೋವೆಯಲ್ಲಿಯೇ ಉಳಿದಿತ್ತು. ನನ್ನ ಬಳಿ ಇದ್ದದ್ದು ಮುಖವಾಡ, ಕ್ಯಾಮೆರಾ, ಮತ್ತು ಹೊಲದ ಬಾವಿಯಲ್ಲಿ ಈಜು ಕಲಿತವನ ಎದೆಯುಸಿರು. ಕುಡಿಯುವ ನೀರಿಗೆ ನಮ್ಮ ಮನೆಯವರು ಯಾರೂ ಇಳಿದವರಲ್ಲ. ಮೇಲಿನಿಂದ ಅತ್ತಿಗೆ, "ಲಗೂನ ಮ್ಯಾಲ ಬರ್ರಿ, ನನಗ ಅಂಜಿಕಿ ಬರಾಕತ್ತೈತಿ" ಎಂದು ಕೂಗುತ್ತಲೇ ಇದ್ದಳು.

ಮುಳುಗಿ ಕಣ್ಣು ಬಿಟ್ಟೆ. ನೀರು ಹರಳಿನಂತೆ ತಿಳಿಯಾಗಿತ್ತು. ಎಂಥ ತಿಳಿಯೆಂದರೆ ತಳದ ಒಡೆದ ಗಡಿಗೆ, ಕಳಚಿ ಬಿದ್ದ ರಾಟೆಯ ಗಾಲಿ, ಕಲ್ಲುಗಳ ಸಂದು ಎಲ್ಲವೂ ಅಂಗೈ ಮೇಲಿಟ್ಟಂತೆ ಕಾಣುತ್ತಿದ್ದವು. ಮೊದಲು ಹಿಗ್ಗಿದೆ. ಎರಡನೆಯ ಸಲ ಮುಳುಗಿದಾಗ ಹಿಗ್ಗು ಇಳಿಯಿತು. ಒಂದು ಮೀನಿಲ್ಲ, ಒಂದು ಕಪ್ಪೆಯಿಲ್ಲ, ಕಲ್ಲಿಗೆ ಪಾಚಿಯೂ ಇಲ್ಲ. ಚಿಕ್ಕಂದಿನಲ್ಲಿ ಕಟ್ಟೆಯಿಂದ ಇಣುಕಿದಾಗಲೆಲ್ಲ ಕಾಣುತ್ತಿದ್ದ ಕಪ್ಪೆಗಳು ಎಲ್ಲಿ ಹೋದವು? ಮೂರನೆಯ ಸಲ, ಅವ್ವ ಚರಿಗೆ ಇಳಿಸುವ ಮೂಲೆಯಲ್ಲಿಯೇ, ಹಳೆಯ ಹಗ್ಗವೊಂದಕ್ಕೆ ಕಟ್ಟಿ ನೀರೊಳಗೆ ತೂಗುಬಿಟ್ಟಿದ್ದ ಒಂದು ಮಡಿಕೆ ಕಂಡಿತು. ಅದರ ಹೊಟ್ಟೆಗೆ ಸಣ್ಣ ತೂತುಗಳು. ತೂತುಗಳಿಂದ ಹಾಲಿನ ಎಳೆಯಂಥ ಬಿಳುಪು ಒಸರುತ್ತಿತ್ತು.

ಅದೇನೆಂದು ನನಗೆ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಊರೆಲ್ಲ ವಾಂತಿಭೇದಿ ಹಬ್ಬಿದಾಗ, ಮರಳು ಮತ್ತು ಬ್ಲೀಚಿಂಗ್ ಪುಡಿ ತುಂಬಿದ ಇಂಥದೇ ಮಡಿಕೆ ಹಿಡಿದುಕೊಂಡು ಸರಕಾರಿ ಮಂದಿ ಮನೆಮನೆಯ ಬಾವಿಗೆ ಬಂದಿದ್ದರು. ಊರವರೆಲ್ಲ ನೋಡುತ್ತಿರುವಾಗಲೇ ಅವ್ವ ಕಟ್ಟೆಗೆ ಅಡ್ಡ ನಿಂತು, ನೀರಿನ ಜೀವ ಕೊಲ್ಲುವ ಪುಡಿ ನನ್ನ ಬಾವಿಗೆ ಬೇಡವೆಂದು ಅವರನ್ನು ಓಡಿಸಿದ್ದಳು. ಈಗ ಅಂಥದೇ ಮಡಿಕೆ ನನ್ನ ಮೂಗಿನ ಮುಂದೆ ತೂಗುತ್ತಿದೆ! ನಾನು ಹೇಗೆ ಗುಂಡಿ ಒತ್ತಿದೆನೋ, ಹೇಗೆ ಮೇಲೆ ಬಂದೆನೋ ತಿಳಿಯದು.

ಪ್ರಿಂಟು ಬಂದಾಗ ಇನ್ನೊಂದು ಪೆಟ್ಟು ಕಾದಿತ್ತು. ನಾನು ನೀರೊಳಗೆ ತೆಗೆದ ಫೋಟೊಗಳಲ್ಲೆಲ್ಲ ಅಷ್ಟು ಶುದ್ಧವಾದದ್ದು ಇನ್ನೊಂದಿರಲಿಲ್ಲ. ತೂಗುವ ಮಡಿಕೆಯ ಸುತ್ತ ಚುಕ್ಕೆಯೆಂಬುದೇ ಇಲ್ಲ. ಗೆಳೆಯ ಕಂಡಿದ್ದರೆ ಬೆನ್ನು ತಟ್ಟುತ್ತಿದ್ದ, ನಾನು ಅದನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟೆ. ಮೇಲಿನಿಂದ ಅವ್ವ ದಿನಾ ಅಂಗೈಯಲ್ಲಿ ಹಿಡಿದಂತೆ ಜೀವಗಳನ್ನು ಇಳಿಸುತ್ತಾಳೆ, ಕೆಳಗೆ ಅವುಗಳಿಗಾಗಿ ವಿಷದ ಮಡಿಕೆ ಕಾಯುತ್ತ ಕೂತಿದೆ. ಬಾವಿಯ ಮೇಲೆ ಕಣ್ಣಿಟ್ಟ ಅಣ್ಣನಲ್ಲದೆ ಇನ್ನಾರು ಈ ಕೆಲಸ ಮಾಡಿಯಾರು? ಸಿಟ್ಟು ನೆತ್ತಿಗೇರಿ ಬೇಡಕಿಹಾಳಕ್ಕೆ ಹೋಗಿ, ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಅಣ್ಣನ ಮುಂದೆ ಫೋಟೊ ಎಸೆದೆ.

"ಇದನ್ನ ನೀನ ಕಟ್ಟೀಯಲ್ಲ? ಹಡದಾಕಿಗೆ ಇಂಥಾ ಮೋಸಾ ಮಾಡಾಕ ನಿನಗ ಮನಸರ ಹೆಂಗ ಬಂತು?"

ಅಣ್ಣ ಫೋಟೊ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದ. ಅವನ ಮುಖ ಬಿಳಿಚಿದ ರೀತಿ ನೋಡಿಯೇ ಅವನಿಗೆ ಏನೂ ಗೊತ್ತಿಲ್ಲವೆಂದು ನನಗೆ ತಿಳಿಯಿತು. ಅಷ್ಟರಲ್ಲಿ ಒಳಗಿನಿಂದ ಅವ್ವ ಬಂದು, ಕಂಬಕ್ಕೆ ಒರಗಿ, ಫೋಟೊದತ್ತ ಒಮ್ಮೆ ನೋಡಿ ಹೇಳಿದಳು: "ಅವಗ ಯಾಕ ಬೈತೀಯೋ? ಕಟ್ಟಿದಾಕಿ ನಾನ."

ಅವ್ವ ಕೂತಳು, ಕೂತು ನೆಲ ನೋಡುತ್ತ ಹೇಳಿದಳು. ಸರಕಾರಿ ಮಂದಿಯನ್ನು ಓಡಿಸಿದ ವಾರದಲ್ಲಿಯೇ ಅಣ್ಣನ ಮಗಳು, ಆಗಿನ್ನೂ ಮೊಲೆಯುಣ್ಣುವ ಕೂಸು, ವಾಂತಿಭೇದಿಯಾಗಿ ಕೈಗೆ ಹತ್ತದಂತಾಗಿದ್ದು ನಮಗೆಲ್ಲ ನೆನಪಿತ್ತು. ದವಾಖಾನೆಯ ನರ್ಸಮ್ಮ ಅವ್ವನನ್ನು ಪಕ್ಕಕ್ಕೆ ಕರೆದು, ಬಾವಿಯ ನೀರಿನಿಂದಲೇ ಹೀಗಾಗಿದೆ, ಈ ಸಲ ಉಳಿಯಿತು, ಇನ್ನೊಂದು ಸಲ ಉಳಿಯಲಿಕ್ಕಿಲ್ಲ ಎಂದಿದ್ದಳಂತೆ. ಅವ್ವ ಅವಳಿಂದಲೇ ಮಡಿಕೆ ತಂದು ಕಟ್ಟಿದಳು. ಪುಡಿ ಮುಗಿದಂತೆಲ್ಲ ನಸುಕಿನಲ್ಲಿ ತಾನೇ ಎಳೆದು ತುಂಬಿದಳು. ವಾಸನೆ ತಿಳಿಯದಿರಲೆಂದು ಕೊಡದ ನೀರಿಗೆ ಲವಂಗ ಹಾಕಿದಳು. ನಾವೆಲ್ಲ ಅದೂ ಒಂದು ವ್ರತವಿರಬೇಕೆಂದು ಕುಡಿಯುತ್ತಿದ್ದೆವು.

"ಒಂದ ಮಾತ ನಮಗ ಹೇಳಬಾರದಿತ್ತೇನ, ಅವ್ವಾ?" ಎಂದು ಅಣ್ಣ ಕೇಳಿದ.

"ಹೇಳಿ ಕುಡಿಸಿದ್ರ ನಿಮಗೂ ಪಾಪ ಹತ್ತತಿತ್ತು. ಗೊತ್ತಿಲ್ಲದ ಕುಡದ್ರ ನನಗಷ್ಟ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಕೂಸಿನ ಸಲುವಾಗಿ ಅಷ್ಟೂ ಜೀವಾ ಕೊಂದೀನಿ. ದಿನಾ ಅಲ್ಲಿ ನಿಂತ ತಪ್ಪಾತ ಅಂತೀನಿ. ಆ ಬಾವಿನೂ ಮುಚ್ಚಿದ್ರ ನಾ ಯಾರ ಮುಂದ ನಿಂತ ಹೇಳ್ಲಿ?"

ಅತ್ತಿಗೆ ಬಾಗಿಲಲ್ಲಿಯೇ ಕುಸಿದು ಅಳತೊಡಗಿದಳು. ನಾನು ಕಡಲ ತಳದಲ್ಲಿ ಬೆದರಿದ್ದೆ, ಬಾವಿಯೊಳಗೆ ಬೆಚ್ಚಿದ್ದೆ. ಆದರೆ ಹುಟ್ಟಿದಾಗಿನಿಂದ ನೋಡುತ್ತ ಬಂದ ಈ ಹೆಂಗಸಿನೊಳಗೆ ಇಷ್ಟು ಆಳವಿದೆಯೆಂದು ತಿಳಿದ ಆ ಗಳಿಗೆ ಆ ಎರಡೂ ಹೆದರಿಕೆಗಳು ಏನೇನೂ ಅಲ್ಲವೆನಿಸಿದವು. ಮನುಷ್ಯರ ಧರ್ಮ ಅವರು ಬಾಯಲ್ಲಿ ಹೇಳುವುದರಲ್ಲಿ ಇದೆಯೋ, ಮುಚ್ಚಿಟ್ಟುಕೊಂಡು ಸುಡುವುದರಲ್ಲಿ ಇದೆಯೋ, ನನಗೆ ಇಂದಿಗೂ ಬಗೆಹರಿದಿಲ್ಲ.

ಅಣ್ಣ ಎದ್ದ. ಅವ್ವನ ಮುಂದೆ ಬಂದು ನಿಂತು, "ಇನ್ನ ಮ್ಯಾಲ ಕೂಸು ನಳದ ನೀರ ಕುಡೀತೈತಿ, ಅವ್ವಾ. ನಾವೆಲ್ಲಾ ಅದನ್ನ ಕುಡೀತೇವಿ. ನಿನಗ ನೀ ಗಾಳಿಸಿದ ಬಾವಿ ನೀರ ನಾ ಕಾಯಿಸಿ ಕೊಡ್ತೀನಿ. ಮಡಿಕಿ ತಗದ ಬಿಡ್ಲೇನು?" ಎಂದು ಕೇಳಿದ. ಅವ್ವ ಹೂಂ ಎಂಬಂತೆ ತಲೆಯಾಡಿಸಿದಳು. ಅಣ್ಣ ಹಿತ್ತಿಲಿಗೆ ನಡೆದು ಮುರುಮಿನ ಗುಡ್ಡೆ ಹತ್ತಿ ದಾಟಿ ಬಾವಿಗೆ ಬಾಗಿ, ತಾನು ಎಂದೂ ಮುಟ್ಟದ ಆ ಹಗ್ಗಕ್ಕೆ ಕೈ ಹಾಕಿ ಜೋರಾಗಿ ಎಳೆಯತೊಡಗಿದ. ಹಿಂದಿನಿಂದ ಅವ್ವ ಬರಿಗಾಲಲ್ಲಿ ಓಡಿ ಬಂದು ಅವನ ತೋಳು ಹಿಡಿದಳು.

"ಸಾವಕಾಶ ಎತ್ತೋ ನನ್ನಪ್ಪಾ. ಅದರಾಗ ಏನರ ಜೀವಾ ಇದ್ದೀತು."