ಒಂಬತ್ತನೇ ಇಂಚಿನ ಗೀರು

ಮೊನ್ನೆ ಬೆಳಿಗ್ಗೆ ಅಡಿಗೆಮನೆಯ ಕಟ್ಟೆಯಿಂದ ಮಜ್ಜಿಗೆ ಲೋಟ ಜಾರಿತು. ಜಾರುವುದನ್ನು ನಾನು ಚೆನ್ನಾಗಿಯೇ ನೋಡಿದೆ. ಹಿಡಿಯಬೇಕು ಅಂತಲೂ ಅನ್ನಿಸಿತು. ಕೈ ಹೋಗುವಷ್ಟರಲ್ಲಿ ಅದು ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ ಬಾಗಿಲ ಹತ್ತಿರ ನಿಂತಿತ್ತು.

"ಕಣ್ಣೆದುರಿಗೇ ಬಿತ್ತಲ್ರೀ, ಹಿಡಿಬಾರ್ದಾಗಿತ್ತಾ?" ಅಂದಳು ಹೆಂಡತಿ. ಹಿಡಿಯಬಾರದು ಅಂತ ನನಗೇನು ವ್ರತವೇ? ನೆಲ ಒರೆಸಿ ತಲೆ ಎತ್ತಿದಾಗ, ಕಿಟಕಿ ಬಡಿದುಕೊಳ್ಳದಿರಲಿ ಅಂತ ಅವಳು ಆನಿಸಿಟ್ಟಿದ್ದ ಮರದ ಸ್ಕೇಲು ಕಂಡಿತು. ಅಂಕಿಗಳು ಅರ್ಧ ಅಳಿಸಿಹೋಗಿವೆ. ಒಂಬತ್ತನೇ ಇಂಚಿನ ಮೇಲೆ ಬ್ಲೇಡಿನಿಂದ ಕೊರೆದ ಒಂದು ಗೀರು ಮಾತ್ರ ಇನ್ನೂ ಹಾಗೇ ಇದೆ. ಅದನ್ನು ಕೊರೆದವರು ನಮ್ಮ ಡ್ರೈವರಣ್ಣ...

ಆಗ ನನಗೆ ನಲವತ್ತರ ಹತ್ತಿರ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಡ್ರೈವರಣ್ಣನಿಗೆ ಅರವತ್ತು ದಾಟಿತ್ತು. ಅವರ ಹಾಗೆ ಬಸ್ಸು ಓಡಿಸಿದವರನ್ನು ನಾನು ಆಮೇಲೆ ನೋಡಲಿಲ್ಲ. ಹಾರ್ನ್ ಹೊಡೆಯುವುದೇ ಅಪರೂಪ. ಯಾವ ಮನೆಯ ಎಮ್ಮೆ ಎಷ್ಟು ಹೊತ್ತಿಗೆ ರಸ್ತೆಗೆ ಬರುತ್ತದೆ, ಯಾವ ಶಾಲೆಯ ಮಕ್ಕಳು ಗಂಟೆ ಹೊಡೆದ ತಕ್ಷಣ ಓಡುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. ಉಡುತಡಿ ಕ್ರಾಸು ಇನ್ನೂ ದೂರ ಇರುವಾಗಲೇ ಗೇರ್ ಇಳಿಸುತ್ತಿದ್ದರು. ರಸ್ತೆ ಖಾಲಿ ಇದ್ದರೂ ಇಳಿಸುತ್ತಿದ್ದರು. "ಕಾಣೋದಕ್ಕೆ ಬ್ರೇಕ್ ಎಲ್ಲಾರೂ ಹಾಕ್ತಾರೆ ತಮ್ಮಾ. ಕಾಣದೇ ಇರೋದಕ್ಕೆ ಹಾಕ್ಬೇಕು" ಅನ್ನುತ್ತಿದ್ದರು.

ಏನೋ ಬದಲಾಗಿದೆ, ಬ್ರೇಕಿಗೆ ಕಾಲು ಹೋಗುವುದು ತಡವಾಗುತ್ತಿದೆ ಅಂತ ಮೊದಲು ಗೊತ್ತಾದದ್ದೂ ಅವರಿಗೇ. ನನಗೆ ಗೊತ್ತಾಗಲಿಲ್ಲ, ಪ್ಯಾಸೆಂಜರುಗಳಿಗಂತೂ ಇಲ್ಲವೇ ಇಲ್ಲ. ಕಣ್ಣಿನ ದೋಷ ಇರಬೇಕು ಅಂತ ಡಾಕ್ಟರ ಹತ್ತಿರ ಹೋದರು. ಕಣ್ಣು ಚೆನ್ನಾಗಿದೆ ಅಂದು ಕಳಿಸಿದರಂತೆ. ದಿನಾ ನಮ್ಮ ಬಸ್ಸಿಗೇ ಬರುತ್ತಿದ್ದ ಸೊರಬದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರೊಬ್ಬರು ಬೋನೆಟ್ ಮೇಲೆ ಕೂತು ಬಿಡಿಸಿ ಹೇಳಿದರು. ಕಣ್ಣು ನೋಡಿದ್ದನ್ನು ಮಿದುಳು ಓದಿಕೊಂಡು ಕಾಲಿಗೆ ಹೇಳಿ ಕಳಿಸಬೇಕು. ವಯಸ್ಸಾದಂತೆ ಆ ಸುದ್ದಿ ನಿಧಾನವಾಗುತ್ತದೆ. ಹಳೇ ಪೋಸ್ಟ್‌ಮ್ಯಾನ್‌ಗೆ ಊರಿನ ಎಲ್ಲ ಮನೆ ಗೊತ್ತಿರುತ್ತದೆ, ನಡಿಗೆ ಮಾತ್ರ ತಡ. ಗೊತ್ತಿರುವ ತಿರುವಿಗೆ ಅನುಭವ ಮೊದಲೇ ಹೋಗಿ ಕಾದಿರುತ್ತದೆ. ಗೊತ್ತಿಲ್ಲದ್ದು ಎದುರಿಗೆ ಬಂದಾಗಲೇ ತಡ ಆಗಿರುವುದು ತಿಳಿಯುವುದು...

ಮಾರನೇ ದಿನ ಮೇಷ್ಟ್ರು ಈ ಸ್ಕೇಲು ತಂದುಕೊಟ್ಟರು. ಒಬ್ಬರು ಮೇಲಿನ ತುದಿ ಹಿಡಿದುಕೊಳ್ಳಬೇಕು. ಇನ್ನೊಬ್ಬರು ಕೆಳಗಿನ ತುದಿಯ ಎರಡೂ ಪಕ್ಕ ಬೆರಳು ತೆರೆದು ಕಾಯಬೇಕು. ಹೇಳದೆ ಕೇಳದೆ ಬಿಟ್ಟಾಗ ಎಷ್ಟನೇ ಇಂಚಿಗೆ ಹಿಡಿಯುತ್ತಾರೋ ಅಷ್ಟು ತಡ. ಡ್ರೈವರಣ್ಣ ಒಂಬತ್ತರ ಮೇಲೆ ಗೀರು ಕೊರೆದು, "ಇದು ದಾಟಿದ ದಿನ ನಾ ಕೀಲಿ ಕೊಡ್ತೀನಿ" ಅಂದರು. ಹೇಳಿದ್ದು ಸಲೀಸಾಗಿತ್ತು. ಆದರೆ ಸ್ಟೀರಿಂಗ್ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಬದುಕೇ ಇಲ್ಲ ಅನ್ನುವುದು ನನಗೆ ಗೊತ್ತಿತ್ತು.

ಅಂದಿನಿಂದ ಬೆಳಗಿನ ಮೊದಲ ಟ್ರಿಪ್ಪಿಗೆ ಮುಂಚೆ ಇದೊಂದು ಪೂಜೆಯಂತೆ ನಡೆಯಿತು. ಅವರು ಕೈ ಒಡ್ಡುತ್ತಿದ್ದರು, ನಾನು ಸ್ಕೇಲು ಬಿಡುತ್ತಿದ್ದೆ. ಮೊದಮೊದಲು ಏಳು, ಏಳೂವರೆ. ಒಂದು ವರ್ಷ ಕಳೆಯುವಷ್ಟರಲ್ಲಿ ಎಂಟೂವರೆ. ಆಮೇಲೊಂದು ದಿನ ಬೆರಳು ಗೀರಿನ ಮೇಲೇ ಕೂತಿತು. ನಾನು ಅವರ ಮುಖ ನೋಡಿದೆ. ಅವರು ನೋಡಲಿಲ್ಲ...

ಮಾರನೇ ಬೆಳಿಗ್ಗೆಯಿಂದ ನಾನು ಮೋಸ ಮಾಡಿದೆ. ಸ್ಕೇಲು ಬಿಡುವ ಮುಂಚೆ ಹೆಗಲು ಕೊಂಚ ಎತ್ತುತ್ತಿದ್ದೆ. ಚರ್ಮದ ಚೀಲದಲ್ಲಿದ್ದ ಚಿಲ್ಲರೆ ಝಣ್ ಅನ್ನುತ್ತಿತ್ತು. ಆ ಸದ್ದಿಗೆ ಅವರ ಬೆರಳು ಮುಚ್ಚಿಕೊಳ್ಳುತ್ತಿತ್ತು. ಮತ್ತೆ ಏಳೂವರೆ. "ನೋಡಣ್ಣ, ಹುಡುಗ ಆಗ್ತಿದೀಯಾ" ಅಂತ ತಮಾಷೆ ಬೇರೆ ಮಾಡುತ್ತಿದ್ದೆ. ಪ್ರೀತಿಯಿಂದ ಮಾಡಿದ್ದೇ. ಐವತ್ತು ಜನರ ಜೀವದ ಮೇಲೆ ಆ ಪ್ರೀತಿ ತೋರಿಸುತ್ತಿದ್ದೇನೆ ಅಂತ ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಹೀಗೇ ಕೆಲವು ತಿಂಗಳು ನಡೆಯಿತು. ಆಮೇಲೊಂದು ದಿನ, ಶಿರಾಳಕೊಪ್ಪದ ಸಂತೆಯ ದಿನ ಅದು. ಉಡುತಡಿ ಕ್ರಾಸು ದಾಟಿದ್ದೆವು. ಪಕ್ಕಕ್ಕೆ ನಿಂತಿದ್ದ ಟೆಂಪೋ ಹಿಂದಿನಿಂದ ಒಂದು ಕುರಿಮರಿ ಚಂಗನೆ ರಸ್ತೆಗೆ ಹಾರಿತು. ಅದರ ಬೆನ್ನಿಗೇ ಕುರಿ ಕಾಯುವ ಅಜ್ಜನೂ ಬಂದ. ಡ್ರೈವರಣ್ಣ ನೋಡಿದ್ದು ನನಗೆ ಕನ್ನಡಿಯಲ್ಲಿ ಕಂಡಿತು. ನೋಡಿದ ಮೇಲೂ ಬಸ್ಸು ಹಾಗೇ ಹೋಗುತ್ತಿತ್ತು... ಎಷ್ಟು ಹೊತ್ತು? ರೆಪ್ಪೆ ಬಡಿಯುವಷ್ಟು. ಬ್ರೇಕ್ ಬಿದ್ದು ಬಸ್ಸು ನಿಂತಾಗ ಬಂಪರ್ ಅಜ್ಜನ ಹೆಗಲಿಂದ ಇಳಿಬಿದ್ದಿದ್ದ ಕಂಬಳಿಗೆ ತಾಗಿತ್ತು. ಕಂಬಳಿಗೆ ಮಾತ್ರ, ದೇವರು ದೊಡ್ಡವನು.

ಡ್ರೈವರಣ್ಣ ಇಳಿದು ಹೋಗಿ ಆ ಅಜ್ಜನ ಎರಡೂ ಕೈ ಹಿಡಿದುಕೊಂಡು, "ತಪ್ಪು ನಂದು ಯಜಮಾನ್ರೆ" ಅಂದರು. ಅಜ್ಜ, "ಮರಿದು ತಪ್ಪು, ನಿಮ್ದೇನೈತ್ರೀ" ಅಂದ. ಅಲ್ಲಿಂದ ಶಿರಾಳಕೊಪ್ಪದವರೆಗೆ ಎತ್ತಿನಗಾಡಿಯ ಹಾಗೆ ಓಡಿಸಿದರು. ಸ್ಟ್ಯಾಂಡಿನಲ್ಲಿ ನನ್ನನ್ನು ಬಸ್ಸಿನ ಹಿಂದಕ್ಕೆ ಕರೆದರು. ಕೈಯಲ್ಲಿ ಸ್ಕೇಲಿತ್ತು.

"ಚೀಲ ಕೆಳಗಿಡು ತಮ್ಮಾ" ಅಂದರು.

ಇಟ್ಟೆ. ಸ್ಕೇಲು ಎತ್ತಿ ಹಿಡಿದೆ. ಬಿಟ್ಟೆ. ಒಂಬತ್ತಲ್ಲ, ಹತ್ತಲ್ಲ, ಸ್ಕೇಲು ಬೆರಳ ನಡುವೆ ಪೂರ್ತಿ ಜಾರಿ ನೆಲಕ್ಕೆ ಬಿತ್ತು.

"ನಿನ್ ಚೀಲ ಮೊದ್ಲೇ ಮಾತಾಡ್ತಿತ್ತು" ಅಂದರು.

"ಗೊತ್ತಿತ್ತಾ ಅಣ್ಣಾ?"

"ಗೊತ್ತಿತ್ತು. ನಂಗೂ ಅದೇ ಬೇಕಾಗಿತ್ತು."

ನಾನು ಬೈಗುಳಕ್ಕೆ ತಯಾರಾಗಿದ್ದೆ. ಈ ಮಾತಿಗೆ ತಯಾರಾಗಿರಲಿಲ್ಲ. ತನ್ನ ಬೆನ್ನು ತನಗೆ ಕಾಣಿಸದು ಅನ್ನುತ್ತಾರೆ. ಅವರು ಅದನ್ನೂ ತಿರುಗಿ ನೋಡಿಕೊಂಡುಬಿಟ್ಟರು. ಬಸ್ಸು ಹತ್ತಿ, ಸಂತೆ ಚೀಲಗಳ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ನನ್ ಕಾಲು ತಡ ಆಗೈತ್ರೀ. ಬ್ಯಾರೆ ಡ್ರೈವರ್‌ಗೆ ಹೇಳಿ ಕಳಿಸ್ತೀನಿ. ಅಲ್ಲೀತನ ಕುಂದರ್ರಿ." ಒಬ್ಬಿಬ್ಬರು ಗೊಣಗಿದರು. ಸೊರಬದ ಆಫೀಸಿಗೆ ಹೊತ್ತಾಯಿತು ಅಂತ ಒಬ್ಬರು ಕೂಗಾಡಿದರು. ಇವರು ಎಲ್ಲ ಕೇಳಿಸಿಕೊಂಡರು, ಕೀಲಿ ಮಾತ್ರ ಮತ್ತೆ ಮುಟ್ಟಲಿಲ್ಲ. ಅಂಥ ಧೈರ್ಯ ನನ್ನ ಆಯುಷ್ಯದಲ್ಲಿ ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಆದರೂ ಅವರು ಮನೆಯಲ್ಲಿ ಕೂರಲಿಲ್ಲ. ಹೊಸ ಡ್ರೈವರ್ ಬಂದ ಮೇಲೆ ಮೂರು ತಿಂಗಳು ಬೋನೆಟ್ ಪಕ್ಕ ಕೂತು, ಇಡೀ ದಾರಿಯನ್ನು ಅವನಿಗೆ ಒಪ್ಪಿಸಿದರು. "ಇಲ್ಲಿ ಎಮ್ಮೆ... ಇಲ್ಲಿ ಮಕ್ಕಳು... ಇಲ್ಲಿ ಏನೂ ಇಲ್ಲ, ಆದ್ರೂ ಗೇರ್ ಇಳಿಸು." ಕಾಲು ತಡವಾಗಿತ್ತೇ ಹೊರತು ತಲೆಯಲ್ಲಿದ್ದ ರಸ್ತೆ ಒಂದಿಂಚೂ ಅಳಿಸಿರಲಿಲ್ಲ. ಕೊನೆಯ ದಿನ ಸ್ಕೇಲನ್ನು ನನ್ನ ಕೈಗೆ ಕೊಟ್ಟು, "ನಿಂಗೂ ಬೇಕಾಗ್ತೈತಿ" ಅಂದರು. ನಾನು ನಕ್ಕಿದ್ದೆ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು...

ಮೊನ್ನೆ ಸ್ಕೇಲು ಒರೆಸಿ ಹೆಂಡತಿಯ ಕೈಗೆ ಕೊಟ್ಟೆ. ವಾರವಾರ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶಿರಾಳಕೊಪ್ಪದ ಸಂತೆಗೆ ಹೋಗುವವನು ನಾನು. ಬಿಡು ಅಂದೆ. ಬಿಟ್ಟಳು. ಏಳು! ಹಿಗ್ಗಿ ಹೀರೆಕಾಯಾದೆ. ಮತ್ತೆ ಬಿಟ್ಟಳು, ಮತ್ತೆ ಏಳು. ಮೂರನೇ ಸಲ ಕಿವಿಗೆ ಬಿತ್ತು. ಸ್ಕೇಲು ಬಿಡುವ ಮುಂಚೆ ಅವಳ ಬಳೆ ಸದ್ದು ಮಾಡುತ್ತಿತ್ತು.

"ಬಳೆ ಮೇಲಕ್ಕೆ ಸರಿಸಿ, ಇನ್ನೊಂದು ಕೈಲಿ ಒತ್ತಿ ಹಿಡ್ಕೋ" ಅಂದೆ.

"ಸಾಕು ಬಿಡ್ರೀ, ಏಳು ಬಂತಲ್ಲ" ಅಂದಳು. ನನ್ನ ಮುಖ ನೋಡಲಿಲ್ಲ.

ಒತ್ತಾಯ ಮಾಡಿದೆ. ಬಳೆ ಒತ್ತಿ ಹಿಡಿದು ಬಿಟ್ಟಳು. ಸ್ಕೇಲು ನೆಲಕ್ಕೆ ಬಿದ್ದ ಮೇಲೆ ನನ್ನ ಬೆರಳು ಮುಚ್ಚಿಕೊಂಡಿತು.

ಈ ವಾರ ಸಂತೆಗೆ ಬಸ್ಸಿನಲ್ಲಿ ಹೋದೆವು. ಬೋನೆಟ್ ಪಕ್ಕದ ಸೀಟು ಸಿಕ್ಕಿತು. ಡ್ರೈವರ್ ಮೂವತ್ತರ ಆಸುಪಾಸಿನವನು, ನನಗೆ ಪರಿಚಯವಿಲ್ಲ. ಉಡುತಡಿ ಕ್ರಾಸು ಇನ್ನೂ ದೂರ ಇತ್ತು, ರಸ್ತೆ ಖಾಲಿ ಇತ್ತು. ಅವನು ಗೇರ್ ಇಳಿಸಿದ.

"ಇಲ್ಯಾಕೆ ಇಳಿಸಿದ್ರಿ?" ಅಂತ ಕೇಳಿದೆ.

"ಗೊತ್ತಿಲ್ರೀ. ನಂಗೆ ಕಲಿಸಿದೋರು ಇಲ್ಲಿ ಇಳಿಸ್ತಿದ್ರು. ಅವ್ರಿಗೆ ಕಲಿಸಿದೋರೂ ಇಳಿಸ್ತಿದ್ರಂತೆ" ಅಂದ.

ಆ ಮೊದಲು ಕಲಿಸಿದವರ ಸ್ಕೇಲು ನನ್ನ ಮನೆಯಲ್ಲಿದೆ ಅಂತ ಹೇಳಬೇಕು ಅನ್ನಿಸಿತು. ಮಾತು ಬರುವಷ್ಟರಲ್ಲಿ ಕ್ರಾಸು ಹಿಂದೆ ಹೋಗಿತ್ತು.