ಸ್ಟ್ಯಾಂಪ್ ಮೇಡಂ ಕೆನ್ನೆ

ಅಂಚೆ ಕಚೇರಿಯ ಮೂರನೇ ಕೌಂಟರಿನ ಸ್ಟ್ಯಾಂಪ್ ಮೇಡಂ ಮುಖಕ್ಕೆ ಸುಕ್ಕು ತುಂಬುವ ಕೊಲಾಜನ್ ಇಂಜೆಕ್ಷನ್ ಹಾಕಿಸಿಕೊಂಡು ಬಂದ ವಾರ ಸಾಲಿನಲ್ಲಿ ನಿಂತವರನ್ನು ದೇವರೇ ಕಾಪಾಡಬೇಕು. ದಿನಕ್ಕೆ ಐದು ಸಲ, ಸಲಕ್ಕೆ ಐದು ನಿಮಿಷ ಕೆನ್ನೆ ನೀವಬೇಕೆಂದು ಡಾಕ್ಟರ ಅಪ್ಪಣೆ; ಹೊತ್ತಾಯಿತೆಂದರೆ ಪಾರ್ಸಲ್ಲು ತಕ್ಕಡಿಯ ಮೇಲೆ, ಮೇಡಂ ಕೈ ಕೆನ್ನೆಯ ಮೇಲೆ. "ಹಲ್ಲುನೋವಾ ಮೇಡಂ?" ಎಂದರೆ "ಹೂಂ, ಬುದ್ಧಿ ಹಲ್ಲು, ಈಗ ಬರ್ತಿದೆ" ಅನ್ನುತ್ತಾರೆ, ಐವತ್ತೆಂಟರ ಮೇಡಂ. ಗುಟ್ಟು ಯಾರಿಗೂ ಗೊತ್ತಾಗಬಾರದು. ಆದರೆ ಮುಖದ ಕಳೆ ಯಾರ ಕಣ್ಣಿಗೂ ಬೀಳದಿದ್ದರೆ ಆ ದಿನವೆಲ್ಲ ಅವರು ಮುದ್ರೆ ಒತ್ತುವ ಸದ್ದು ಬೀದಿಗೆ ಕೇಳುತ್ತದೆ. "ಇದು ಪೌಡರ್ ಬಳಿದ ಹಾಗಲ್ಲ, ಚರ್ಮ ಒಳಗಿಂದಾನೇ ತುಂಬ್ಕೊಂಡು ಬರ್ಬೇಕು, ತಿಂಗಳುಗಟ್ಟಲೆ ಹಿಡಿಯುತ್ತೆ" ಎಂದು ಕೈಗನ್ನಡಿ ನೋಡುತ್ತ ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಭಾನುವಾರ ಮಾತ್ರ ಮೇಡಂ ಸದ್ದಿಲ್ಲದೆ, ಕಿಟಕಿಯ ಬೆಳಕಿಗೆ ಮುಖವೊಡ್ಡಿ, ಮರೆವಿನ ಕಾಯಿಲೆಯ ಅಮ್ಮನ ಎದುರು ಕೂರುತ್ತಾರೆ. ಆ ಅಮ್ಮನ ನೆನಪಿನಲ್ಲಿ ಮಗಳಿಗೆ ಇನ್ನೂ ಮೂವತ್ತೇ ವರ್ಷ. ಆರು ತಿಂಗಳ ಹಿಂದೆ ಮೇಡಂ ಮುಖ ನೋಡಿ "ಬನ್ನಿ ಅಜ್ಜೀ, ಯಾರು ಬೇಕಿತ್ತು?" ಎಂದಿದ್ದ ಅಮ್ಮ, ಹೋದ ವಾರ ಬಹಳ ಹೊತ್ತು ದಿಟ್ಟಿಸಿ, "ನೀವು ನನ್ನ ಮಗಳಿಗೆ ಅಕ್ಕ ಆಗ್ಬೇಕಾ?" ಎಂದು ಕೇಳಿದರು. ಮೇಡಂ ಹೊರಗೆ ಬಂದವರೇ ಡಾಕ್ಟರಿಗೆ ಫೋನ್ ಮಾಡಿದರು: "ಅಕ್ಕನವರೆಗೂ ಬಂದಿದೀನಿ ಡಾಕ್ಟ್ರೇ, ಇನ್ನೊಂದ್ಸಲ ಹಾಕಿ, ಮಗಳಾಗ್ಬಿಡ್ತೀನಿ."