ಅಕ್ಕೋರ ಬಾಯಿಂದ ಒಂದು ‘ಶಾಣ್ಯಾ’

ನಮ್ಮ ಕಡೆ ಮಕ್ಕಳನ್ನು ಜಾಣರೆಂದು ಹೊಗಳುವುದರಲ್ಲಿ ಜಿಪುಣತನವಿಲ್ಲ. ಕೂಸು ತುತ್ತು ನುಂಗಿದರೆ ಶಾಣ್ಯಾ, ಅಳು ನಿಲ್ಲಿಸಿದರೆ ಶಾಣ್ಯಾ, ಅಜ್ಜನ ಚಾಳೀಸು ಮುರಿದು ಸುಮ್ಮನೆ ಕುಳಿತರೂ ಶಾಣ್ಯಾ. ಅಂಥ ನೇಸರಗಿಯ ಮನೆಯಿಂದ, ತೊಂಬತ್ತರ ದಶಕದಲ್ಲಿ, ನಾನು ಮಾಂಟೆಸ್ಸರಿ ಶಿಕ್ಷಕಿಯರ ತರಬೇತಿಗೆಂದು ದಿನವೂ ಬೈಲಹೊಂಗಲದ ಬಸ್ಸು ಹತ್ತುತ್ತಿದ್ದೆ. ನಮಗೆ ಕಲಿಸುತ್ತಿದ್ದವರನ್ನು ಅಕ್ಕೋರು ಎನ್ನುತ್ತಿದ್ದೆವು. ಸವದತ್ತಿಯವರು. ನೂಲಿನ ಇಳಕಲ್ ಸೀರೆ, ಬಿಗಿದ ತುರುಬು, ಮೆತ್ತನೆಯ ದನಿ. ಆ ಮೆತ್ತನೆಯ ದನಿಗೇ ನಾವು ನಡುಗುತ್ತಿದ್ದೆವು.

ಅವರ ಪಾಠದಲ್ಲಿ ಮಾತು ಕಡಿಮೆ. ಚಾಪೆ ಬಿಚ್ಚುವುದು, ಅದನ್ನು ತುಳಿಯದೆ ಸುತ್ತ ನಡೆಯುವುದು, ಕೆಲಸ ಮುಗಿದ ಮೇಲೆ ಅಂಚು ಸರಿಮಾಡಿ ಸುತ್ತಿ ಮೂಲೆಯಲ್ಲಿ ನಿಲ್ಲಿಸುವುದು, ಇಷ್ಟನ್ನೇ ವಾರಗಟ್ಟಲೆ ಮಾಡಿಸಿದರು. “ಚಾಪಿ ಸುತ್ತೂದು ಕಲಿಯಾಕ ಬೈಲಹೊಂಗಲ ಯಾಕ ಬೇಕಿತ್ತು, ನಮ್ಮತ್ತಿಯವರ ಕಲಿಸ್ತಿದ್ರು” ಎಂದು ನಾನು ಗೆಳತಿಯ ಕಿವಿಯಲ್ಲಿ ಗೊಣಗಿದ್ದೆ.

ಒಂದು ದಿನ ಅಲ್ಲಿಯ ಶಿಶುವಿಹಾರದ ಮಕ್ಕಳ ಮುಂದೆ ಕೂರುವ ಸರದಿ ನನಗೆ ಬಂತು. ಪುಟ್ಟ ಹುಡುಗಿಯೊಬ್ಬಳು ಒಂದು ಲೋಟದಿಂದ ಇನ್ನೊಂದಕ್ಕೆ ಜೋಳ ಸುರಿಯುತ್ತಿದ್ದಳು. ಒಂದು ಕಾಳೂ ಚೆಲ್ಲಿರಲಿಲ್ಲ. ನನಗೆ ತಡೆಯಲಾಗಲಿಲ್ಲ. “ನನ್ನ ಶಾಣ್ಯಾ ಮಗಳ!” ಎಂದು ಚಪ್ಪಾಳೆ ತಟ್ಟಿಬಿಟ್ಟೆ. ಆಕೆ ನಗುತ್ತ ನನ್ನತ್ತ ತಿರುಗಿದಳು. ಜೋಳವೆಲ್ಲ ನೆಲದ ಪಾಲಾಯಿತು.

ಅಕ್ಕೋರು ಬೈಯಲಿಲ್ಲ. ಹುಡುಗಿ ಕಾಳು ಆಯ್ದು ಮುಗಿಸುವವರೆಗೂ ಕಾದು, ಆಮೇಲೆ ನನ್ನನ್ನು ಕರೆದರು.

“ಆ ಕೂಸು ಜೋಳ ನೋಡಾಕ ಹತ್ತಿತ್ತು. ನೀವು ನಿಮ್ಮ ಮಾರಿ ನೋಡೂಹಂಗ ಮಾಡಿದ್ರಿ. ನಾಳಿಂದ ಅದು ಜೋಳ ಸುರಿಯೂದು ನಿಮ್ಮ ಸಲುವಾಗಿ.”

“ತಪ್ಪಾತ್ರಿ ಅಕ್ಕೋರ. ಹಂಗಾರ ಏನನ್ನಬೇಕ್ರಿ?”

“ಏನೂ ಅನಬ್ಯಾಡ್ರಿ. ಪೂಜಿಗೆ ಕುಂತವರನ್ನ ಮಾತಾಡಸ್ತೀರೇನು?”

ನನ್ನ ತಲೆ ಒಪ್ಪಿತು, ಮನಸ್ಸು ಒಪ್ಪಲಿಲ್ಲ. ಅವರ ಬಾಯಿಂದ ಒಂದೇ ಒಂದು ‘ಶಾಣ್ಯಾ’ ಕೇಳಬೇಕೆಂಬ ಹಟ ಅವತ್ತೇ ಹತ್ತಿಕೊಂಡಿತು. ಮಕ್ಕಳು ಮುಟ್ಟಿ ಕಲಿಯಲೆಂದು ಉಸುಕಿನ ಕಾಗದದಲ್ಲಿ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿಕೊಂಡು ಹೋಗಿ ಅವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದೆ. ಅವರು ಅಕ್ಷರದ ಮೇಲೆ ಬೆರಳಾಡಿಸಿ “ಹ್ಞೂಂ” ಎಂದು ಮುಂದಿನವಳ ಬಳಿ ಸರಿಯುತ್ತಿದ್ದರು. ತರಬೇತಿ ಮುಗಿದ ದಿನವೂ ಅಷ್ಟೇ. ಅವರನ್ನು ಬಿಟ್ಟು ಹೋಗಬೇಕಲ್ಲ ಎಂದು ಎಲ್ಲರೂ ಅತ್ತರು. ನಾನು ಸಿಟ್ಟಿಗೂ ಸ್ವಲ್ಪ ಅತ್ತೆ.

ಮುಂದೆ ನೇಸರಗಿಯಲ್ಲಿ ನಮ್ಮ ಪಡಸಾಲೆಯಲ್ಲೇ ಚಿಕ್ಕ ಮಕ್ಕಳ ಶಾಲೆ ತೆರೆದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಬೆಳಿಗ್ಗೆ ಅಕ್ಕೋರು ಹೇಳದೆ ಕೇಳದೆ ಬಂದೇಬಿಟ್ಟರು. ತಲೆ ನರೆತಿತ್ತು. ನನಗೆ ಕೈಸನ್ನೆಯಲ್ಲೇ “ನಡೀಲಿ” ಎಂದು ಹೇಳಿ, ಹಿಂದೆ ಒಂದು ಚಾಪೆ ಬಿಚ್ಚಿ ಕುಳಿತರು. ಊಟಕ್ಕೆ ನಿಲ್ಲಿಸಿಕೊಳ್ಳಬೇಕು, ರೊಟ್ಟಿ ಎಣ್ಣೆಗಾಯಿ ಬಡಿಸಿ ಆ ಮಾತು ಆಡಿಸಿಯೇ ಕಳಿಸಬೇಕು ಎಂದು ನಾನು ಮನಸ್ಸಿನಲ್ಲೇ ಮಂಡಿಗೆ ತಿಂದೆ.

ಅಷ್ಟರಲ್ಲಿ ಹುಡುಗಿಯೊಬ್ಬಳು ಗುಂಡಿ ಹಾಕಿ ಕಲಿಯುವ ಬಟ್ಟೆಯ ಚೌಕಟ್ಟು ತಂದಳು. ಪಕ್ಕದಲ್ಲಿ ಕುಳಿತು ಒಮ್ಮೆ ನಿಧಾನವಾಗಿ ಹಾಕಿ ತೋರಿಸಿದೆ. ಆಕೆ ಶುರುಮಾಡಿದಳು. ಗುಂಡಿ ಕಾಜಿನೊಳಗೆ ಅರ್ಧ ಹೋಗುವುದು, ಹಿಂದೆ ಬರುವುದು. ನಾನು ಬಾಯಿ ಬಿಡಲಿಲ್ಲ, ಕೈಯನ್ನೂ ಚಾಚಲಿಲ್ಲ. ಕಡೆಯ ಗುಂಡಿ ಕೂತಾಗ ಆಕೆ ನನ್ನನ್ನು ನೋಡಲೇ ಇಲ್ಲ, ಗುಂಡಿಗಳನ್ನು ನೋಡಿ ನಕ್ಕಳು. ನಾನೂ ಗುಂಡಿಗಳನ್ನೇ ನೋಡುತ್ತಿದ್ದೆ.

ತಲೆ ಎತ್ತಿದರೆ ಅಕ್ಕೋರು ಇರಲಿಲ್ಲ. ಅವರ ಚಾಪೆ ಅಂಚು ಸರಿಯಾಗಿ ಸುತ್ತಿಕೊಂಡು ಮೂಲೆಯಲ್ಲಿ ನಿಂತಿತ್ತು. ಬಸ್‌ ನಿಲ್ದಾಣಕ್ಕೆ ಓಡಿದೆ. ಬಸ್ಸು ಆಗಲೇ ಹೋಗಿತ್ತು.

ಮತ್ತೆ ಅವರನ್ನು ಕಾಣುವ ಯೋಗ ಬರಲಿಲ್ಲ. ತೀರಿಕೊಂಡ ಸುದ್ದಿಯೂ ತಡವಾಗಿಯೇ ಮುಟ್ಟಿತು. ಅವತ್ತು ಪೂಜೆಗೆ ಕುಳಿತ ನನ್ನನ್ನು ಮಾತಾಡಿಸದೆ ಎದ್ದು ಹೋದರು. ಇನ್ನೊಬ್ಬರಿಗೆ ಕೊಡಲು ಅದಕ್ಕಿಂತ ದೊಡ್ಡ ಮರ್ಯಾದೆ ಅವರ ಬಳಿ ಇರಲಿಲ್ಲ ಎಂಬುದು ನನಗೆ ಗೊತ್ತು. ಗೊತ್ತಿದ್ದೂ, ಸಂಜೆ ಚಾಪೆಗಳನ್ನು ಸುತ್ತಿ ನಿಲ್ಲಿಸುವಾಗ ಬಾಗಿಲ ಕಡೆ ನೋಡುತ್ತೇನೆ. ನನಗೆ ಆ ಮಾತು ಇನ್ನೂ ಬೇಕು.